ಬ್ರೇಕ್ ದೀಪ ಆರಿಸಿ ಕಳಿಸಿದರೆ ಸಾಲದು: ಮತ್ತೆ ಮತ್ತೆ ಉರಿಯುವ ಎಚ್ಚರಿಕೆ ದೀಪದ ಮೂಲ ಹಿಡಿಯುವ ಸಮಗ್ರ ಮಾರ್ಗದರ್ಶಿ

ಮೀಟರಿನಲ್ಲಿ ಬ್ರೇಕ್ ದೀಪ ಉರಿಯುತ್ತದೆ. ಕಾರನ್ನು ಸರ್ವಿಸ್ ಸೆಂಟರ್‌ಗೆ ಒಯ್ಯುತ್ತೀರಿ. ಸಂಜೆ ದೀಪ ಆರಿದ ಕಾರು ಕೈಗೆ ಬರುತ್ತದೆ, ಬಿಲ್ಲಿನಲ್ಲಿ ‘ಬ್ರೇಕ್ ಕ್ಲೀನಿಂಗ್’ ಎಂದು ಬರೆದಿರುತ್ತದೆ. ನಾಲ್ಕಾರು ದಿನಗಳಲ್ಲಿ, ನವಲಗುಂದದ ದಾರಿಯಲ್ಲೋ ಅಣ್ಣಿಗೇರಿ ದಾಟಿದ ಮೇಲೋ, ಅದೇ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಪುನಃ ಒಯ್ದರೆ ‘ಸ್ಕ್ಯಾನ್ ಮಾಡಿದ್ದೇವೆ ಸರ್, ಈಗ ಏನೂ ಕಾಣುತ್ತಿಲ್ಲ’ ಎಂಬ ಉತ್ತರ. ಹುಬ್ಬಳ್ಳಿ-ಧಾರವಾಡದಲ್ಲಿ ಕಾರು ಇಟ್ಟುಕೊಂಡವರಿಂದ ನಾನು ಅತಿ ಹೆಚ್ಚು ಕೇಳುವ ದೂರು ಇದು.

ದೀಪ ಮರಳಿ ಬರುವುದಕ್ಕೆ ಬಹುತೇಕ ಸಂದರ್ಭಗಳಲ್ಲಿ ಕೆಲಸದ ಕ್ರಮ ತಪ್ಪಿರುವುದೇ ಕಾರಣ. ಬ್ರೇಕ್ ಆಯಿಲ್ ಏಕೆ ಇಳಿಯಿತು ಎಂದು ನೋಡುವ ಮೊದಲೇ ತುಂಬಿಸುತ್ತಾರೆ. ಕಾರಿನ ಕಂಪ್ಯೂಟರ್ ಇಟ್ಟುಕೊಂಡ ದೋಷದ ಸಂಖ್ಯೆಯನ್ನು, ಅಂದರೆ ಎರರ್ ಕೋಡನ್ನು, ಬರೆದುಕೊಳ್ಳುವ ಮೊದಲೇ ಅಳಿಸುತ್ತಾರೆ. ಗ್ರಾಹಕರ ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ‘ಬ್ರೇಕ್ ಚೆಕ್’ ಎಂಬ ಎರಡು ಪದ ಬಿಟ್ಟರೆ ಬೇರೇನೂ ಇರುವುದಿಲ್ಲ. ಸಾಕ್ಷ್ಯವೇ ಅಳಿದ ಮೇಲೆ ಎಷ್ಟೇ ನಿಪುಣ ಮೆಕ್ಯಾನಿಕ್ ಇದ್ದರೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬ್ರೇಕ್ ಬಿಚ್ಚುವ ಕೆಲಸ ಇದರಲ್ಲಿ ಎಲ್ಲೂ ಇಲ್ಲ. ನೋಡುವುದು, ಗುರುತು ಮಾಡುವುದು, ಬರೆಸುವುದು, ಇಷ್ಟೇ.

ಬೇಕಾಗುವ ಸಾಮಾನು

ಮೊಬೈಲ್, ಟಾರ್ಚ್, ಒಣ ಬಟ್ಟೆ, ಮಾರ್ಕರ್ ಪೆನ್ನು, ಒಂದು ಚಿಕ್ಕ ನೋಟ್‌ಬುಕ್, ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿ. ಬ್ಯಾಟರಿ ವೋಲ್ಟೇಜ್ ನೋಡಲು ಸಾಧಾರಣ ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ಕೋಡ್ ಓದುವ ಸ್ಕ್ಯಾನರ್ ಕೊಳ್ಳಲೇಬೇಕೆಂದೇನೂ ಇಲ್ಲ. ಅದರ ವಿಷಯ ಆರನೆಯ ಹಂತದಲ್ಲಿದೆ.

ಹಂತ 1: ಬಣ್ಣ ನೋಡಿ, ಹೋಗಬಹುದೇ ನಿಲ್ಲಿಸಬೇಕೇ ಎಂದು ತೀರ್ಮಾನಿಸಿ

ಕೆಂಪು ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಅದು ಮೂಲ ಬ್ರೇಕ್ ವ್ಯವಸ್ಥೆಯ ದೀಪ. ಹ್ಯಾಂಡ್ ಬ್ರೇಕ್ ಎಳೆದಾಗ ಉರಿಯುವುದೂ ಸಾಮಾನ್ಯವಾಗಿ ಇದೇ. ಹಳದಿ ಬಣ್ಣದಲ್ಲಿ ಎಬಿಎಸ್ ಎಂದು ಬಂದರೆ, ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಕೆಲಸ ನಿಲ್ಲಿಸಿದೆ ಎಂದರ್ಥ. ಆಗಲೂ ಸಾಮಾನ್ಯ ಬ್ರೇಕ್ ಹಿಡಿಯುತ್ತದೆ. ವೃತ್ತದ ಎರಡೂ ಬದಿಗೆ ತುಂಡು ಗೆರೆಗಳಿರುವ ಹಳದಿ ದೀಪ, ಡಿಸ್ಕನ್ನು ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಪ್ಯಾಡ್ ಸವೆದದ್ದನ್ನು ಹೇಳುತ್ತದೆ. ಅದು ಎಲ್ಲ ಕಾರುಗಳಲ್ಲಿ ಇರುವುದಿಲ್ಲ.

ಕೆಂಪು ದೀಪ ಕಂಡ ಕೂಡಲೇ ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಇಳಿದಿದ್ದೂ ದೀಪ ಉಳಿದರೆ ವೇಗ ತಗ್ಗಿಸಿ ರಸ್ತೆ ಬದಿಗೆ ನಿಲ್ಲಿಸಿ. ಪೆಡಲ್ ಮೆತ್ತಗಾಗಿದ್ದರೆ, ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಅಥವಾ ಮೊದಲಿಗಿಂತ ಆಳಕ್ಕೆ ಹೋಗುತ್ತಿದ್ದರೆ ಆ ಕಾರನ್ನು ಮತ್ತೆ ಓಡಿಸಬೇಡಿ. ‘ಇಲ್ಲೇ ಹತ್ತಿರದಲ್ಲಿದೆ, ಮೆಲ್ಲಗೆ ಒಯ್ಯುತ್ತೇನೆ’ ಎಂಬ ಲೆಕ್ಕಾಚಾರ ಬೈಪಾಸ್‌ನಲ್ಲಿ ಲಾರಿಗಳ ನಡುವೆ ನಡೆಯುವುದಿಲ್ಲ. ವಿಮೆಯಲ್ಲಿ ರಸ್ತೆ ಬದಿ ನೆರವಿನ ಸೌಲಭ್ಯ ಇದೆಯೇ ನೋಡಿ, ಟೋಯಿಂಗ್ ವಾಹನ ಕರೆಸಿ.

ಕೆಂಪು ಮತ್ತು ಎಬಿಎಸ್ ಎರಡೂ ಒಟ್ಟಿಗೆ ಉರಿದರೆ ಹೆಚ್ಚಿನ ಎಚ್ಚರ ಬೇಕು. ಮುಂದಿನ, ಹಿಂದಿನ ಚಕ್ರಗಳಿಗೆ ಬ್ರೇಕ್ ಒತ್ತಡ ಹಂಚುವ ಇಬಿಡಿ ಕೂಡ ನಿಂತಿರಬಹುದು. ಆಗ ಜೋರಾಗಿ ಒತ್ತಿದರೆ ಹಿಂದಿನ ಚಕ್ರಗಳು ಮೊದಲೇ ಲಾಕ್ ಆಗಿ ಕಾರಿನ ಹಿಂಭಾಗ ಜಾರುವ ಅಪಾಯವಿದೆ.

ಎಬಿಎಸ್ ಒಂದೇ ಉರಿಯುತ್ತಿದ್ದು ಪೆಡಲ್ ಗಟ್ಟಿಯಾಗಿದ್ದರೆ ಊರೊಳಗೆ ಅಂತರ ಕಾಯ್ದುಕೊಂಡು ಓಡಿಸಬಹುದು. ಆದರೆ ಅದೇ ಕಾರಿನಲ್ಲಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗುವ ಯೋಜನೆ ಇದ್ದರೆ ಮುಂದೂಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಓಡುವಾಗಲೇ ಬ್ರೇಕ್ ಹಿಡಿಯದಿದ್ದರೆ ಪೆಡಲನ್ನು ಬೇಗ ಬೇಗ ಒತ್ತಿ ಬಿಡಿ, ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಎಂಜಿನ್ ಆರಿಸಬೇಡಿ. ಆರಿಸಿದರೆ ಕಾಲಿನ ಒತ್ತಡವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರಿನ ನೆರವೂ ಪವರ್ ಸ್ಟೀರಿಂಗ್ ನೆರವೂ ಹೋಗುತ್ತವೆ.

ಹಂತ 2: ದೀಪ ಯಾವಾಗ ಬರುತ್ತದೆ ಎಂಬುದನ್ನು ಬರೆದಿಡಿ

ಜನ ಅತಿ ಹೆಚ್ಚು ಬಿಟ್ಟುಬಿಡುವ ಹಂತ ಇದು. ಅತಿ ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ. ‘ಆಗಾಗ ಬರುತ್ತದೆ’ ಎಂದರೆ ಮೆಕ್ಯಾನಿಕ್‌ಗೆ ಏನೂ ಹೇಳಿದಂತಾಗುವುದಿಲ್ಲ. ದೀಪ ಬಂದ ಹೊತ್ತೇ ಅರ್ಧ ಉತ್ತರ ಕೊಡುತ್ತದೆ.

ಬ್ರೇಕ್ ಒತ್ತಿದಾಗ, ತಿರುವಿನಲ್ಲಿ ಅಥವಾ ಇಳಿಜಾರಿನಲ್ಲಿ ಮಾತ್ರ ಕೆಂಪು ದೀಪ ಮಿನುಗಿ ಆರುತ್ತಿದ್ದರೆ ಆಯಿಲ್ ಮಟ್ಟ ಕೆಳಗಿನ ಗುರುತಿನ ಹತ್ತಿರ ಇದೆ. ಧಾರವಾಡದ ಹತ್ತಿರದ ನುಗ್ಗಿಕೇರಿಯ ಏರಿಳಿತದಲ್ಲಿ ಬಂದ ದೀಪ ಸಮತಟ್ಟಾದ ರಸ್ತೆಯಲ್ಲಿ ಮಾಯವಾಗುವುದು ಇದೇ ಕಾರಣಕ್ಕೆ. ಡಬ್ಬಿಯೊಳಗಿನ ಆಯಿಲ್ ಓಲಾಡಿ, ಮಟ್ಟ ತಿಳಿಸುವ ತೇಲುಬುರುಡೆ ಒಂದು ಗಳಿಗೆ ಕೆಳಗಿಳಿದಿರುತ್ತದೆ.

ಕೀ ತಿರುಗಿಸಿದ ಕೂಡಲೇ ಬಂದ ಎಬಿಎಸ್ ದೀಪ ಆರದೇ ಉಳಿದರೆ ವೈರ್ ತುಂಡಾಗಿರುವುದು, ಫ್ಯೂಸ್ ಹೋಗಿರುವುದು, ಕನೆಕ್ಟರ್ ಬಿಟ್ಟಿರುವುದು ಇಂಥ ಕಡೆಗೆ ಅನುಮಾನ ಹೋಗಬೇಕು. ಮೊದಲು ಆರಿ, ಕಾರು ಹೊರಟು ಹತ್ತಿಪ್ಪತ್ತು ಕಿ.ಮೀ. ವೇಗ ಮುಟ್ಟಿದ ಮೇಲೆ ಬಂದರೆ ಚಕ್ರದ ವೇಗ ಅಳೆಯುವ ಸೆನ್ಸರಿನ ಸಂಕೇತ ಸರಿಯಾಗಿ ಬರುತ್ತಿಲ್ಲ. ತಿರುವಿನಲ್ಲಿ ಮಾತ್ರ ಬಂದರೆ ಚಕ್ರ ಸರಾಗವಾಗಿ ಸುತ್ತಲು ಆಧಾರವಾದ ವೀಲ್ ಬೇರಿಂಗಿನ ಅಲುಗಾಟ ಅಥವಾ ಸ್ಟೀರಿಂಗ್ ಜೊತೆ ಎಳೆದಾಡುವ ವೈರ್. ಮಳೆಯಲ್ಲಿ ಅಥವಾ ವಾಟರ್ ವಾಶ್ ಮಾಡಿಸಿದ ಮರುದಿನ ಬಂದರೆ ಕನೆಕ್ಟರಿನೊಳಗೆ ನೀರು. ಬೆಳಿಗ್ಗೆ ಮೊದಲ ಸಲ ಎಂಜಿನ್ ಎಬ್ಬಿಸುವಾಗ ಹಲವು ದೀಪಗಳು ಒಟ್ಟಿಗೆ ಬಂದು ಸ್ವಲ್ಪ ಹೊತ್ತಿಗೆ ಆರಿದರೆ ಬ್ಯಾಟರಿ ನೋಡಬೇಕು.

ದಿನಾಂಕ, ಓಡೋಮೀಟರ್ ಓದು, ವೇಗ, ರಸ್ತೆ, ಮಳೆ ಇತ್ತೋ ಬಿಸಿಲಿತ್ತೋ ಎಂದು ಪ್ರತಿ ಸಲವೂ ಒಂದು ಸಾಲು ಬರೆಯಿರಿ. ಪಕ್ಕದಲ್ಲಿ ಕುಳಿತವರಿಂದ ಮೀಟರಿನ ವಿಡಿಯೋ ಮಾಡಿಸಿ. ಒಬ್ಬರೇ ಇದ್ದರೆ ಕಾರು ನಿಲ್ಲಿಸಿ, ಎಂಜಿನ್ ಚಾಲೂ ಇರುವಾಗಲೇ ತೆಗೆಯಿರಿ. ಓಡೋಮೀಟರ್ ಸಂಖ್ಯೆ ಚಿತ್ರದಲ್ಲಿ ಕಾಣಲಿ. ಮುಂದೆ ‘ದೀಪವೇ ಬರುತ್ತಿಲ್ಲವಲ್ಲ’ ಎಂಬ ವಾದಕ್ಕೆ ಇದೊಂದೇ ಉತ್ತರ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇನ್ನೊಂದನ್ನು ಗಮನಿಸಬೇಕು. ಕೀ ಆನ್ ಮಾಡಿದಾಗ ಎಬಿಎಸ್ ದೀಪ ಕೆಲವು ಸೆಕೆಂಡ್ ಉರಿದು ಆರಬೇಕು. ಒಮ್ಮೆಯೂ ಉರಿಯದಿದ್ದರೆ ಯಾರೋ ದೀಪವನ್ನೇ ತೆಗೆದು ದೋಷ ಮುಚ್ಚಿರಬಹುದು. ಇದು ಉರಿಯುವ ದೀಪಕ್ಕಿಂತ ಕೆಟ್ಟ ಲಕ್ಷಣ.

ಹಂತ 3: ಬ್ರೇಕ್ ಆಯಿಲ್ ನೋಡಿ, ಆದರೆ ತುಂಬಿಸಬೇಡಿ

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ. ಚಾಲಕನ ಬದಿಗೆ, ಗಾಜಿನ ಕೆಳಗೆ ಹಿಂಭಾಗದಲ್ಲಿ ಅರೆಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರ ಮೈಮೇಲೆ ಮ್ಯಾಕ್ಸ್, ಮಿನ್ ಎಂಬ ಎರಡು ಗುರುತು. ಮುಚ್ಚಳ ತೆಗೆಯುವುದು ಬೇಡ, ಟಾರ್ಚ್ ಹಿಡಿದರೆ ಹೊರಗಿನಿಂದಲೇ ಮಟ್ಟ ಕಾಣುತ್ತದೆ. ಆ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ.

ಮಟ್ಟ ಇಳಿಯುವುದಕ್ಕೆ ಎರಡು ದಾರಿ. ಒಂದು ಸಹಜ: ಪ್ಯಾಡ್ ಸವೆದಂತೆ, ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಖಾಲಿ ಜಾಗಕ್ಕೆ ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಇನ್ನೊಂದು ಅಪಾಯದ್ದು: ಎಲ್ಲೋ ಸೋರುತ್ತಿದೆ. ಮಟ್ಟ ಮಿನ್ ಹತ್ತಿರ ಬಂದಿದ್ದು ಪ್ಯಾಡ್ ತೆಳುವಾಗಿದ್ದರೆ ಮೊದಲನೆಯದು. ಪ್ಯಾಡ್ ದಪ್ಪವಾಗಿದ್ದೂ ಮಟ್ಟ ಇಳಿದಿದ್ದರೆ ಎರಡನೆಯದು. ನೋಡದೇ ತುಂಬಿಸಿದರೆ ಎರಡೂ ಮುಚ್ಚಿಹೋಗುತ್ತವೆ. ಸವೆದ ಪ್ಯಾಡಿನ ಮೇಲೆ ಮ್ಯಾಕ್ಸ್‌ವರೆಗೆ ತುಂಬಿಸಿ, ಮುಂದೆ ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿದರೆ ಆಯಿಲ್ ಉಕ್ಕಿ ಹರಿಯುತ್ತದೆ. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಬಿದ್ದ ಕೂಡಲೇ ನೀರು ಸುರಿದು ತೊಳೆಯಬೇಕು.

ಪ್ಯಾಡ್ ನೋಡಲು ಅಲಾಯ್ ಚಕ್ರದ ಸಂದಿನಲ್ಲಿ ಟಾರ್ಚ್ ಬಿಟ್ಟರೆ ಸಾಕು. ಲೋಹದ ಹಿಂದಿನ ತಗಡನ್ನು ಬಿಟ್ಟು, ಡಿಸ್ಕಿಗೆ ತಗಲುವ ಪದಾರ್ಥ 3 ಮಿ.ಮೀ.ಗೆ ಬಂದಿದ್ದರೆ ಬದಲಿಸುವ ಕಾಲ ಬಂದಿದೆ. ಹೊರಗೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಒಳಗಿನದು ಅದಕ್ಕಿಂತ ಬೇಗ ಸವೆದಿರಬಹುದು. ಹಾಗಾಗಿ ಸರ್ವಿಸ್‌ನಲ್ಲಿ ‘ನಾಲ್ಕೂ ಪ್ಯಾಡ್‌ಗಳ ಅಳತೆ ಬರೆಯಿರಿ’ ಎಂದೇ ಕೇಳಬೇಕು.

ಸೋರಿಕೆಯ ಜಾಗಗಳು ಹೆಚ್ಚೇನಿಲ್ಲ. ಹಿಂದೆ ಡ್ರಮ್ ಬ್ರೇಕ್ ಇರುವ ಕಾರುಗಳಲ್ಲಿ ಡ್ರಮ್ ಒಳಗಿನ ಲೈನರನ್ನು (ಉಜ್ಜುವ ಪಟ್ಟಿಯನ್ನು) ತಳ್ಳುವ ವೀಲ್ ಸಿಲಿಂಡರ್ ಸೋರುವುದು ಸಾಮಾನ್ಯ. ಹಿಂದಿನ ಟೈರಿನ ಒಳಗೋಡೆ, ಡ್ರಮ್ ಹಿಂದಿನ ತಟ್ಟೆಯ ಕೆಳಭಾಗ ಒದ್ದೆಯಾಗಿ ಧೂಳು ಅಂಟಿಕೊಂಡಿದ್ದರೆ ಅದೇ. ಲೈನರ್ ಮೇಲೆ ಆಯಿಲ್ ಬಿದ್ದಿದ್ದರೆ ತೊಳೆದು ಮತ್ತೆ ಹಾಕಲು ಬಿಡಬೇಡಿ, ಎರಡೂ ಬದಿಯವನ್ನು ಬದಲಿಸಬೇಕು. ಮುಂದೆ ಕ್ಯಾಲಿಪರ್, ರಬ್ಬರ್ ಹೋಸ್ ನೋಡಿ. ಹೊರಗೆಲ್ಲೂ ಒದ್ದೆ ಕಾಣದೆ ಮಟ್ಟ ಇಳಿಯುತ್ತಿದ್ದರೆ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಹಿಂಭಾಗದಿಂದ ಬೂಸ್ಟರಿನೊಳಗೆ ಸೋರುತ್ತಿರಬಹುದು. ಅದು ನೆಲಕ್ಕೆ ಹನಿಯುವುದೇ ಇಲ್ಲ. ಇನ್ನೊಂದು ಸಂಗತಿ ಅನೇಕ ಗ್ಯಾರೇಜುಗಳಲ್ಲೂ ತಪ್ಪಿಹೋಗುತ್ತದೆ: ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಕೆಲಸ ಮಾಡುವ) ಕ್ಲಚ್ ಇರುವ ಎಷ್ಟೋ ಕಾರುಗಳಲ್ಲಿ ಕ್ಲಚ್ಚಿಗೂ ಇದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ. ಬ್ರೇಕಿನಲ್ಲಿ ದೋಷವೇ ಇಲ್ಲದೆ ಕ್ಲಚ್ ಸಿಲಿಂಡರ್ ಸೋರಿ ಬ್ರೇಕ್ ದೀಪ ಉರಿಯಬಹುದು.

ಎಳೆದ ಗೆರೆಯನ್ನು ಒಂದು ವಾರ ಬಿಟ್ಟು ನೋಡಿ. ಸವೆತದಿಂದ ಇಳಿಯುವುದಾದರೆ ವಾರದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರುವುದಿಲ್ಲ. ಕಂಡರೆ ಅದು ಸೋರಿಕೆಯೇ, ಕಾರನ್ನು ಅಂದೇ ತೋರಿಸಿ. ಮಟ್ಟ ಈಗಾಗಲೇ ಮಿನ್‌ಗಿಂತ ಕೆಳಗಿದ್ದರೆ ವಾರ ಕಾಯುವ ಪ್ರಶ್ನೆಯೇ ಇಲ್ಲ.

ತುಂಬಿಸಲೇಬೇಕಾದ ಸಂದರ್ಭ ಬಂದರೆ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ (ಡಾಟ್ 3, ಡಾಟ್ 4 ಎಂದು ಇರುತ್ತದೆ) ಹಾಕಿ. ಡಾಟ್ 3ರ ಕುದಿಬಿಂದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದು 230. ಗಾಳಿಯ ತೇವ ಹೀರಿ ನೀರಿನಂಶ ಶೇ 3.7 ಮುಟ್ಟಿದಾಗ ಇವು 140 ಮತ್ತು 155ಕ್ಕೆ ಇಳಿಯಬಹುದು. ಘಟ್ಟ ಇಳಿಯುವಾಗ ಪೆಡಲ್ ಸ್ಪಂಜಿನಂತೆ ಮೆತ್ತಗಾಗುವುದು ಈ ಹಳೆಯ ಆಯಿಲ್ ಕುದಿದು ಆವಿಯಾಗುವುದರಿಂದ. ಬಹಳಷ್ಟು ಕಾರುಗಳ ಕೈಪಿಡಿ ಸುಮಾರು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲು ಹೇಳುತ್ತದೆ. ಸಿಲಿಕೋನ್ ಆಧಾರಿತ ಡಾಟ್ 5ನ್ನು ಇವುಗಳಿಗೆ ಬೆರೆಸಬಾರದು. ಮನೆಯಲ್ಲಿ ತೆರೆದಿಟ್ಟ ಹಳೆಯ ಬಾಟಲಿ ಬೇಡ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಬೀಳಬಾರದು. ರಬ್ಬರ್ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತದೆ.

ಹಂತ 4: ಅಗ್ಗದ ಕಾರಣಗಳನ್ನು ಮೊದಲು ಕೈಬಿಡಿಸಿ

ಕೆಂಪು ದೀಪ ಉರಿಯುತ್ತಿದ್ದು ಆಯಿಲ್ ಮಟ್ಟ ಸರಿಯಿದ್ದರೆ ಹ್ಯಾಂಡ್ ಬ್ರೇಕ್ ಲಿವರನ್ನು ಕೆಳಕ್ಕೆ ಒತ್ತಿ ಹಿಡಿಯಿರಿ. ದೀಪ ಆರಿದರೆ ಲಿವರಿನ ಬುಡದ ಸ್ವಿಚ್ ಸಿಕ್ಕಿಕೊಂಡಿದೆ ಅಥವಾ ಜರುಗಿದೆ. ಧೂಳು, ಚೆಲ್ಲಿದ ಚಹಾ ಇದಕ್ಕೆ ಸಾಕು.

ಆರದಿದ್ದರೆ, ಕಾರು ನಿಂತಿರುವಾಗಲೇ, ಆಯಿಲ್ ಡಬ್ಬಿಗೆ ಬರುವ ವೈರಿನ ಕನೆಕ್ಟರನ್ನು ಒಂದು ಕ್ಷಣ ಬಿಡಿಸಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಆಗ ದೀಪ ಆರಿದರೆ ತೇಲುಬುರುಡೆಯ ಸ್ವಿಚ್ ಕೆಟ್ಟಿದೆ ಎಂದು ತಿಳಿಯುತ್ತದೆ. ನೋಡಿದ ಮೇಲೆ ಮರಳಿ ಸಿಕ್ಕಿಸಿ. ಅದನ್ನು ಬಿಡಿಸಿಟ್ಟೇ ಓಡಿಸುವವರನ್ನು ಕಂಡಿದ್ದೇನೆ. ಆಯಿಲ್ ನಿಜವಾಗಿ ಸೋರಿದ ದಿನ ಅವರಿಗೆ ಎಚ್ಚರಿಸುವವರು ಯಾರೂ ಇರುವುದಿಲ್ಲ.

ಎಬಿಎಸ್ ಜೊತೆಗೆ ಇಎಸ್‌ಪಿ (ಕಾರು ಜಾರದಂತೆ ಕಾಯುವ ವ್ಯವಸ್ಥೆ), ಹಿಲ್ ಹೋಲ್ಡ್ (ಏರಿನಲ್ಲಿ ಕಾರು ಹಿಂದೆ ಸರಿಯದಂತೆ ಹಿಡಿಯುವ ವ್ಯವಸ್ಥೆ) ದೀಪಗಳೂ ಬಂದರೆ ಬ್ರೇಕ್ ಪೆಡಲಿನ ಮೇಲಿರುವ ಸ್ವಿಚ್ಚನ್ನು ಅನುಮಾನಿಸಿ. ಸಂಜೆ ಗೋಡೆಗೆ ಹಿಂಬದಿ ಮಾಡಿ ಕಾರು ನಿಲ್ಲಿಸಿ ಪೆಡಲ್ ಒತ್ತಿ. ಕಾರಿನ ಹಿಂಬದಿಯ ಬ್ರೇಕ್ ಲೈಟ್ ಹೊತ್ತದಿದ್ದರೆ, ತಡವಾಗಿ ಹೊತ್ತಿದರೆ ಅಥವಾ ಬಿಟ್ಟ ಮೇಲೂ ಉಳಿದರೆ ಈ ಸ್ವಿಚ್ ಬದಲಿಸಿದರೆ ಸಾಕಾಗಬಹುದು. ಇದು ದೊಡ್ಡ ಖರ್ಚಿನ ಭಾಗವಲ್ಲ. ಇದನ್ನು ನೋಡದೇ ಎಬಿಎಸ್ ಮಾಡ್ಯೂಲನ್ನೇ (ಎಬಿಎಸ್ ನಡೆಸುವ ಕಂಪ್ಯೂಟರ್ ಘಟಕ) ಬದಲಿಸಬೇಕೆಂದು ಅಂದಾಜುಪಟ್ಟಿ ಕೊಡುವುದು ಅನ್ಯಾಯ.

ಬ್ಯಾಟರಿಗೆ ಎರಡೇ ಅಳತೆ. ರಾತ್ರಿ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಚಾಲೂ ಇದ್ದಾಗ ಸಾಮಾನ್ಯವಾಗಿ 13.5ರಿಂದ 14.5. ಇದಕ್ಕಿಂತ ತೀರಾ ಕಡಿಮೆ ಇದ್ದರೆ ಮೊದಲು ಅದನ್ನು ಸರಿಪಡಿಸಿ.

ಹಂತ 5: ಚಕ್ರದ ಹಿಂದೆ ಇಣುಕಿ

ನಮ್ಮ ಭಾಗದ ಕಾರುಗಳಲ್ಲಿ ಎಬಿಎಸ್ ದೀಪ ಮರುಕಳಿಸುವುದಕ್ಕೆ ಮಣ್ಣಿನ ಪಾಲು ದೊಡ್ಡದು. ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿ, ಗದಗದ ಕಡೆಗೆ ಎರೆಭೂಮಿ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದು ಬಂದ ಕಾರಿನ ಚಕ್ರದ ಹಿಂದೆ ಮುದ್ದೆಗಟ್ಟಿದ ಎರೆಮಣ್ಣು ಒಣಗಿದ ಮೇಲೆ ಕಲ್ಲಾಗುತ್ತದೆ. ಟೈರ್ ತಿರುಗಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ನೋಡಿ: ಚಕ್ರ ಕೂರುವ ನಡುಭಾಗವಾದ ಹಬ್ ಪಕ್ಕದಲ್ಲಿ ಕಿರುಬೆರಳಿನಷ್ಟು ಕಪ್ಪು ಪ್ಲಾಸ್ಟಿಕ್ ಮೊಳೆ, ಅದರಿಂದ ಹೊರಟು ಸಸ್ಪೆನ್ಷನ್ ಮೇಲೆ ಹತ್ತುವ ತೆಳು ವೈರ್. ಅದೇ ಸೆನ್ಸರ್. ಆ ವೈರನ್ನು ಹಿಡಿದಿಡುವ ಕ್ಲಿಪ್ ಮಣ್ಣಿನ ಭಾರಕ್ಕೆ ಕಳಚಿರುತ್ತದೆ, ಸ್ಟೀರಿಂಗ್ ತಿರುಗಿದಾಗಲೆಲ್ಲ ವೈರ್ ಟೈರಿಗೆ ಉಜ್ಜಿ ಹೊದಿಕೆ ಹರಿದು ಒಳಗಿನ ತಾಮ್ರ ಹಸಿರುಗಟ್ಟಿರುತ್ತದೆ. ಸೆನ್ಸರ್ ಹೊರತೆಗೆದರೆ ಅದರ ತುದಿಯ ಮೇಲೆ ಬ್ರೇಕ್ ಸವೆತದ ಕಬ್ಬಿಣದ ಪುಡಿ ಮೀಸೆಯಂತೆ ನಿಂತಿರುವುದೂ ಉಂಟು.

ನೀವು ಮಾಡಬಹುದಾದ್ದು ನೋಡುವುದು ಮತ್ತು ಕಡಿಮೆ ಒತ್ತಡದ ನೀರಿನಿಂದ ಮಣ್ಣು ನೆನೆಸಿ ತೆಗೆಯುವುದು. ಸ್ಕ್ರೂ ಡ್ರೈವರಿನಿಂದ ಕೆರೆಯಬೇಡಿ. ಪ್ರೆಷರ್ ಗನ್ನನ್ನು ಕನೆಕ್ಟರಿಗೆ ನೇರವಾಗಿ ಹಿಡಿಯಲು ಬಿಡಬೇಡಿ. ಡಿಸ್ಕ್, ಪ್ಯಾಡ್ ಮೇಲೆ ಸೀಮೆಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಬೇಡ. ಡ್ರಮ್ಮಿನ ಧೂಳನ್ನು ಬಾಯಿಯಿಂದ ಊದಬೇಡಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ.

ನಾಲ್ಕು ಟೈರುಗಳ ಅಳತೆ ಒಂದೇ ಇದೆಯೇ, ಗಾಳಿ ಸರಿಯಿದೆಯೇ ಎಂಬುದನ್ನೂ ಈಗಲೇ ನೋಡಿಬಿಡಿ. ಬೇರೆ ಅಳತೆಯ ಟೈರ್ ಬೇರೆ ವೇಗದಲ್ಲಿ ಸುತ್ತುತ್ತದೆ, ಕಂಪ್ಯೂಟರ್ ಅದನ್ನು ದೋಷವೆಂದು ಎಣಿಸಬಹುದು. ಇತ್ತೀಚೆಗೆ ವೀಲ್ ಬೇರಿಂಗ್ ಬದಲಿಸಿದ್ದರೆ ಅದನ್ನು ಮೆಕ್ಯಾನಿಕ್‌ಗೆ ತಪ್ಪದೇ ಹೇಳಿ. ಅನೇಕ ಕಾರುಗಳಲ್ಲಿ ಸೆನ್ಸರ್ ಓದುವ ಕಾಂತೀಯ ಉಂಗುರ ಬೇರಿಂಗಿನ ಒಂದು ಮುಖದಲ್ಲೇ ಇರುತ್ತದೆ. ಬೇರಿಂಗನ್ನು ತಿರುವುಮುರುವಾಗಿ ಕೂರಿಸಿದರೆ ಎಷ್ಟು ಸೆನ್ಸರ್ ಬದಲಿಸಿದರೂ ದೀಪ ಆರುವುದಿಲ್ಲ.

ಹಂತ 6: ಕೋಡ್ ಓದಿಸಿ, ಅಳಿಸುವ ಮೊದಲು

ಎಬಿಎಸ್ ಕಂಪ್ಯೂಟರ್ ತನಗೆ ಕಂಡ ದೋಷವನ್ನು ಕೋಡ್ ರೂಪದಲ್ಲಿ ಇಟ್ಟುಕೊಂಡಿರುತ್ತದೆ. ಸಾಮಾನ್ಯ ಪಟ್ಟಿಯಲ್ಲಿ ಸಿ0035 ಎಡ ಮುಂದಿನ, ಸಿ0040 ಬಲ ಮುಂದಿನ, ಸಿ0045 ಎಡ ಹಿಂದಿನ, ಸಿ0050 ಬಲ ಹಿಂದಿನ ಚಕ್ರದ ಸೆನ್ಸರ್ ವಿಭಾಗವನ್ನು ತೋರಿಸುತ್ತವೆ. ಕಂಪನಿಗಳು ತಮ್ಮದೇ ಸಂಖ್ಯೆಗಳನ್ನೂ ಬಳಸುತ್ತವೆ. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಎಂಜಿನ್ ಕೋಡ್ ಮಾತ್ರ ಓದುತ್ತವೆ. ಅವು ‘ದೋಷವಿಲ್ಲ’ ಎಂದರೆ ಎಬಿಎಸ್ ಸರಿಯಿದೆ ಎಂದರ್ಥವಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿಸುವುದಾದರೆ ‘ಎಬಿಎಸ್ ಓದುತ್ತದೆಯೇ’ ಎಂದು ಮೊದಲೇ ಕೇಳಿ.

ಪರದೆಯ ಫೋಟೋ ತೆಗೆದುಕೊಳ್ಳಿ. ಕೋಡ್ ಈಗ ಇರುವುದೋ ಹಿಂದೆ ಬಂದು ಹೋಗಿದ್ದೋ ಎಂಬುದೂ ಅದರಲ್ಲಿ ಇರುತ್ತದೆ. ಬಂದು ಹೋಗಿದ್ದಾದರೆ ಎರಡನೆಯ ಹಂತದ ನಿಮ್ಮ ನೋಟ್‌ಬುಕ್ ಕೆಲಸಕ್ಕೆ ಬರುತ್ತದೆ.

ಕೋಡ್ ಒಂದು ಭಾಗದ ಹೆಸರು ಹೇಳಿತೆಂದ ಮಾತ್ರಕ್ಕೆ ಆ ಭಾಗವೇ ಕೆಟ್ಟಿದೆ ಎಂದಲ್ಲ. ‘ಎಡ ಮುಂದಿನ ಸೆನ್ಸರ್’ ಎಂಬ ಕೋಡ್ ಆ ಸೆನ್ಸರ್, ಅದರ ವೈರ್, ಕನೆಕ್ಟರ್, ಉಂಗುರ, ಬೇರಿಂಗ್ ಈ ಐದರಲ್ಲಿ ಯಾವುದರಿಂದಲೂ ಬರಬಹುದು. ಸರಿಯಾದ ಪರೀಕ್ಷೆ ಹೀಗೆ: ಸ್ಕ್ಯಾನರಿನ ಲೈವ್ ಡೇಟಾದಲ್ಲಿ (ಆ ಕ್ಷಣದ ಅಳತೆಗಳನ್ನು ತೋರಿಸುವ ಪರದೆ) ನಾಲ್ಕೂ ಚಕ್ರಗಳ ವೇಗ ತೆರೆದಿಟ್ಟು ನೇರ ರಸ್ತೆಯಲ್ಲಿ ನಿಧಾನವಾಗಿ ಓಡಿಸುವುದು. ಮೂರು ಚಕ್ರ 15 ಕಿ.ಮೀ. ವೇಗ ತೋರಿಸುವಾಗ ಒಂದು ಸೊನ್ನೆಗೆ ಬಿದ್ದು ಏಳುತ್ತಿದ್ದರೆ ಜಾಗ ಸಿಕ್ಕಿತು. ಆಮೇಲೆ ಆ ವೈರನ್ನು ಕೈಯಲ್ಲಿ ಅಲುಗಾಡಿಸಿ ನೋಡಬೇಕು, ಹಬ್ ಅಲುಗುತ್ತದೆಯೇ ಪರೀಕ್ಷಿಸಬೇಕು. ಎಡಕ್ಕೂ ಬಲಕ್ಕೂ ಒಂದೇ ತರಹದ ಸೆನ್ಸರ್ ಇರುವ ಕಾರಾದರೆ ಅದಲು ಬದಲು ಮಾಡಬಹುದು. ಕೋಡ್ ಸೆನ್ಸರಿನ ಜೊತೆ ಬದಿ ಬದಲಿಸಿದರೆ ಸೆನ್ಸರ್ ಕೆಟ್ಟಿದೆ, ಹಳೆಯ ಬದಿಯಲ್ಲೇ ಉಳಿದರೆ ವೈರ್ ಅಥವಾ ಬೇರಿಂಗ್.

ಹಂತ 7: ಜಾಬ್ ಕಾರ್ಡ್ ನಿಮ್ಮ ಮಾತಿನಲ್ಲಿ ಬರೆಸಿ

ಕೌಂಟರಿನಲ್ಲಿ ಸಿಗುವ ಸರ್ವಿಸ್ ಅಡ್ವೈಸರ್ ಕಾರಿನ ಕೆಳಗೆ ಇಳಿಯುವವರಲ್ಲ. ಒಳಗೆ ಕೆಲಸ ಮಾಡುವವರ ಕೈಗೆ ಹೋಗುವುದು ಜಾಬ್ ಕಾರ್ಡ್ ಒಂದೇ. ನೀವು ಹತ್ತು ನಿಮಿಷ ವಿವರಿಸಿದ್ದು ಅದರಲ್ಲಿ ‘ಬ್ರೇಕ್ ಚೆಕ್’ ಆಗಿಬಿಟ್ಟರೆ ಆಚೆ ಬರುವುದೂ ಅಷ್ಟೇ ಕೆಲಸ. ಗ್ರಾಹಕರ ದೂರು ಎಂಬ ಜಾಗದಲ್ಲಿ ಇಂಥ ಮಾತು ಇರಲಿ:

‘ಎಬಿಎಸ್ ದೀಪ 20 ಕಿ.ಮೀ. ವೇಗ ದಾಟಿದ ಮೇಲೆ ಉರಿಯುತ್ತದೆ, ಬಲಕ್ಕೆ ತಿರುಗುವಾಗ ಹೆಚ್ಚು. ಇದೇ ದೂರಿಗೆ ಹಿಂದೆಯೂ ಬಂದಿದ್ದೇನೆ, ಹಳೆಯ ಜಾಬ್ ಕಾರ್ಡ್ ಸಂಖ್ಯೆ ಇದು. ಕೋಡ್ ಅಳಿಸುವ ಮೊದಲು ಮುದ್ರಿಸಿ ಕೊಡಬೇಕು. ನನ್ನ ಒಪ್ಪಿಗೆ ಇಲ್ಲದೆ ಆಯಿಲ್ ತುಂಬಿಸಬಾರದು, ಭಾಗ ಬದಲಿಸಬಾರದು. ತೆಗೆದ ಹಳೆಯ ಭಾಗ ವಾಪಸ್ ಬೇಕು.’

‘ಹಿಂದೆಯೂ ಬಂದಿದ್ದೇನೆ’ ಎಂಬ ಸಾಲು ಮುಖ್ಯ. ಅದಿಲ್ಲದಿದ್ದರೆ ಪ್ರತಿ ಭೇಟಿಯೂ ಅವರ ದಾಖಲೆಯಲ್ಲಿ ಹೊಸ ದೂರಾಗಿಯೇ ಉಳಿಯುತ್ತದೆ. ಸಹಿ ಹಾಕುವ ಮೊದಲು ಓದಿ, ಪ್ರತಿ ತೆಗೆದುಕೊಳ್ಳಿ. ದೀಪ ಬಂದು ಹೋಗುವ ತರಹದ್ದಾದರೆ ತಂತ್ರಜ್ಞರನ್ನು ಪಕ್ಕದಲ್ಲಿ ಕೂರಿಸಿಕೊಂಡು ದೀಪ ಬರುವ ರಸ್ತೆಗೇ ಒಯ್ಯುವುದಾಗಿ ಹೇಳಿ. ಶನಿವಾರದ ಗದ್ದಲದಲ್ಲಿ ಇದಕ್ಕೆ ಒಪ್ಪುವವರು ಕಡಿಮೆ. ವಾರದ ನಡುವೆ ಬೆಳಿಗ್ಗೆ ಮೊದಲ ಹೊತ್ತಿಗೆ ಹೋಗಿ.

ಅಂದಾಜುಪಟ್ಟಿಯಲ್ಲಿ ಬ್ರೇಕ್ ಕ್ಲೀನಿಂಗ್, ಕೋಟಿಂಗ್, ಸ್ಯಾನಿಟೈಸೇಷನ್ ತುಂಬಿದ್ದರೆ ‘ದೀಪದ ಕಾರಣಕ್ಕೂ ಇದಕ್ಕೂ ಸಂಬಂಧವೇನು’ ಎಂದು ಕೇಳಿ, ಸಂಬಂಧವಿಲ್ಲದ್ದನ್ನು ಹೊಡೆದು ಹಾಕಿಸಿ. ಎಬಿಎಸ್ ಮಾಡ್ಯೂಲ್ ಬದಲಿಸಬೇಕೆಂದರೆ ಯಾವ ಕೋಡ್, ವೈರಿಂಗ್ ಮತ್ತು ಅರ್ಥಿಂಗ್ ಪರೀಕ್ಷಿಸಿದ್ದೀರಾ, ಫಲಿತಾಂಶವೇನು ಎಂದು ಬರವಣಿಗೆಯಲ್ಲಿ ಪಡೆಯಿರಿ. ಇಷ್ಟು ದೊಡ್ಡ ಖರ್ಚಿಗೆ ಇನ್ನೊಂದು ಕಡೆ ತೋರಿಸುವುದು ಅವಮಾನದ ಮಾತಲ್ಲ. ಹುಬ್ಬಳ್ಳಿಯಲ್ಲಿ ಆಟೋ ಎಲೆಕ್ಟ್ರಿಷಿಯನ್ನರಿಗೆ ಕೊರತೆ ಇಲ್ಲ. ವಾರಂಟಿ ಇರುವ ಕಾರಾದರೆ ಹೊರಗೆ ನೋಡಿಸಬಹುದು, ಬಿಚ್ಚಿಸಬೇಡಿ.

ಹಂತ 8: ಕಾರು ಬಿಡಿಸಿಕೊಳ್ಳುವಾಗ

ಹಣ ಕೊಡುವ ಮೊದಲು ಈ ಕೆಲಸ ಮುಗಿಸಿ. ಕೀ ಆನ್ ಮಾಡಿ ದೀಪಗಳು ಬಂದು ಆರುವುದನ್ನು ನೋಡಿ. ನೀವೇ ಎಳೆದ ಮಾರ್ಕರ್ ಗೆರೆಗೆ ಹೋಲಿಸಿ ಆಯಿಲ್ ಮಟ್ಟ ನೋಡಿ. ಎಂಜಿನ್ ಆಫ್ ಇರುವಾಗ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಕೊನೆಯದನ್ನು ಒತ್ತಿ ಹಿಡಿದೇ ಎಂಜಿನ್ ಎಬ್ಬಿಸಿ. ಪೆಡಲ್ ಸ್ವಲ್ಪ ಕೆಳಗಿಳಿದು ನಿಂತರೆ ಬೂಸ್ಟರ್ ಸರಿ. ನಿಲ್ಲದೆ ಇಳಿಯುತ್ತಲೇ ಹೋದರೆ ಕಾರು ಅಲ್ಲೇ ಬಿಡಿ.

ಬಿಲ್ಲಿನಲ್ಲಿ ಕಾರಣ ಏನೆಂದು ಬರೆದಿದ್ದಾರೆ ಓದಿ. ‘ಕೋಡ್ ಅಳಿಸಲಾಗಿದೆ’ ಎಂದಷ್ಟೇ ಇದ್ದರೆ ದುರಸ್ತಿ ಆಗಿಲ್ಲ, ‘ಮೂಲ ದೋಷ ಪತ್ತೆಯಾಗಿಲ್ಲ’ ಎಂದು ಬರೆಯಿಸಿಕೊಂಡು ಹೊರಡಿ. ಬರೆದುಕೊಡಲು ಹಿಂದೇಟು ಹಾಕಿದರೆ ಅಂದೇ ಅವರ ಇಮೇಲ್ ವಿಳಾಸಕ್ಕೆ ನೀವೇ ಬರೆದು ಕಳಿಸಿ.

ಹಂತ 9: ಆಮೇಲೂ ಬಂದರೆ

ಮೊದಲು ಸರ್ವಿಸ್ ಮ್ಯಾನೇಜರ್, ಆಮೇಲೆ ಕಾರು ತಯಾರಕ ಕಂಪನಿಯ ಗ್ರಾಹಕ ಸೇವಾ ವಿಭಾಗ. ಎಲ್ಲವೂ ಬರವಣಿಗೆಯಲ್ಲಿ, ದೂರು ಸಂಖ್ಯೆ ಸಹಿತ. ಕಂಪನಿಯ ಪ್ರದೇಶ ಅಧಿಕಾರಿಯ ಎದುರಿನಲ್ಲಿ ಜಂಟಿ ತಪಾಸಣೆ ಬೇಕೆಂದು ಕೇಳಿ. ಇದೇ ಸಮಯದಲ್ಲಿ ಚಾಸಿ ಸಂಖ್ಯೆ ಹಾಕಿ ಕಂಪನಿಯ ಜಾಲತಾಣದಲ್ಲಿ ರೀಕಾಲ್ (ತಯಾರಿಕೆಯ ದೋಷ ಸರಿಪಡಿಸಲು ಕಂಪನಿಯೇ ಕಾರುಗಳನ್ನು ಮರಳಿ ಕರೆಸುವುದು) ಇದೆಯೇ ನೋಡಿ. ಇದ್ದರೆ ಆ ದುರಸ್ತಿ ಉಚಿತ.

ಸ್ಪಂದನೆ ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದಕ್ಕೂ ಮಣಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಸಲ್ಲಿಸಬಹುದು. ಹುಬ್ಬಳ್ಳಿಯವರಿಗೆ ಧಾರವಾಡದಲ್ಲಿ, ಗದಗ, ಹಾವೇರಿಯವರಿಗೆ ತಮ್ಮ ತಮ್ಮ ಜಿಲ್ಲೆಯಲ್ಲಿ. ಸರ್ವಿಸ್ ಸೆಂಟರ್ ಬೇರೆ ಜಿಲ್ಲೆಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆಯ 34ನೇ ಕಲಂ ಅವಕಾಶ ಕೊಡುತ್ತದೆ. ಹಾವೇರಿಯಿಂದ ಹುಬ್ಬಳ್ಳಿಗೆ ಕಾರು ತರುವವರಿಗೆ ಇದು ಗೊತ್ತಿರಲಿ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಸ್ವಂತ ಜೀವನೋಪಾಯಕ್ಕೆ ತಾವೇ ಟ್ಯಾಕ್ಸಿ ಓಡಿಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ.

ಆಯೋಗದ ಮುಂದೆ ಇಡಬೇಕಾದ್ದು: ಎಲ್ಲ ಜಾಬ್ ಕಾರ್ಡುಗಳು ಮತ್ತು ಬಿಲ್ಲುಗಳು ದಿನಾಂಕದ ಕ್ರಮದಲ್ಲಿ, ಓಡೋಮೀಟರ್ ಕಾಣುವ ವಿಡಿಯೋಗಳು, ಕೋಡ್‌ಗಳ ಫೋಟೋ, ಇಮೇಲ್‌ಗಳ ಪ್ರತಿ, ಬೇರೆ ಮೆಕ್ಯಾನಿಕ್ ಬರೆದುಕೊಟ್ಟ ವರದಿ. ದೂರು ಇತ್ಯರ್ಥವಾಗುವವರೆಗೆ ಆ ಕಾರನ್ನು ಕೆಂಪು ದೀಪ ಹೊತ್ತಿಸಿಕೊಂಡು ಓಡಿಸಬೇಡಿ. ಬೇರೆಡೆ ದುರಸ್ತಿ ಮಾಡಿಸಿಕೊಳ್ಳುವುದಾದರೆ ಮೊದಲು ಸರ್ವಿಸ್ ಸೆಂಟರ್‌ಗೆ ಲಿಖಿತವಾಗಿ ತಿಳಿಸಿ, ಬಿಚ್ಚುವ ಮುನ್ನ ಮತ್ತು ಬಿಚ್ಚಿದ ಮೇಲೆ ಫೋಟೋ ತೆಗೆಸಿ, ಕೆಟ್ಟ ಭಾಗವನ್ನು ಚೀಟಿ ಅಂಟಿಸಿ ಮನೆಯಲ್ಲಿಡಿ.